ಸರ್ಕಾರಿ ಶಾಲೆಯ ಸುಧಾರಣೆಗೆ ಪೋಷಕರು ಮಾಡಬಹುದಾದ ಕೆಲಸ: ಒಂದು ಕೈಪಿಡಿ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಾನೂನು ಪೋಷಕರಿಗೆ ಕೊಟ್ಟಿರುವ ಅಧಿಕಾರ, ಬಹುತೇಕ ಪೋಷಕರು ತಿಳಿದಿರುವುದಕ್ಕಿಂತ ದೊಡ್ಡದು. 2001ರಲ್ಲಿ ರಾಜ್ಯ ಸರ್ಕಾರವು ಗ್ರಾಮ ಶಿಕ್ಷಣ ಸಮಿತಿಗಳ ಬದಲಿಗೆ ಶಾಲೆಗೊಂದರಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಎಲ್ಲರ ಬಾಯಲ್ಲಿ ಅದು ಎಸ್‌ಡಿಎಂಸಿ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇಂಥ ಸಮಿತಿಯನ್ನು ದೇಶದ ಎಲ್ಲ ಸರ್ಕಾರಿ ಶಾಲೆಗಳಿಗೂ ಕಡ್ಡಾಯ ಮಾಡಿತು. ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ಜನ ಆ ಶಾಲೆಯ ಮಕ್ಕಳ ತಂದೆ, ತಾಯಿ ಅಥವಾ ಪಾಲಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ಮತ್ತು ಅವಕಾಶವಂಚಿತ ವರ್ಗಗಳ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಸಿಗಬೇಕು ಎಂದು ಕಾಯ್ದೆ ಹೇಳುತ್ತದೆ. ಶಾಲೆಯ ಕೆಲಸದ ಮೇಲೆ ನಿಗಾ ಇಡುವುದು, ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಿ ಶಿಫಾರಸು ಮಾಡುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಈ ಸಮಿತಿಯ ಕೆಲಸಗಳೆಂದು ಅದೇ ಸೆಕ್ಷನ್‌ನಲ್ಲಿದೆ.

ಇಷ್ಟು ಅಧಿಕಾರವಿದ್ದೂ ಅನೇಕ ಕಡೆ ಸಮಿತಿಯ ಪಾತ್ರ ರಾಷ್ಟ್ರೀಯ ಹಬ್ಬಗಳಂದು ವೇದಿಕೆಯಲ್ಲಿ ಕುಳಿತುಕೊಳ್ಳುವುದಕ್ಕೂ, ಮುಖ್ಯ ಶಿಕ್ಷಕರು ತೋರಿಸಿದ ಜಾಗದಲ್ಲಿ ಸಹಿ ಹಾಕುವುದಕ್ಕೂ ಸೀಮಿತವಾಗಿದೆ. ಇದಕ್ಕೆ ಪೋಷಕರ ಉದಾಸೀನ ಕಾರಣವೆಂದು ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕೂಲಿ ಬಿಟ್ಟು ಸಭೆಗೆ ಬಂದ ತಾಯಿಯೊಬ್ಬಳಿಗೆ ಅಲ್ಲಿ ಏನು ಕೇಳಬೇಕು, ಕೇಳಿದ್ದು ಎಲ್ಲಿಗೆ ಹೋಗುತ್ತದೆ, ಉತ್ತರ ಬರದಿದ್ದರೆ ಮುಂದೇನು ಎಂಬುದನ್ನು ಯಾರೂ ತಿಳಿಸಿಕೊಟ್ಟಿರುವುದಿಲ್ಲ. ಆ ತಿಳಿವಳಿಕೆಯನ್ನು ಕೊಡುವುದೇ ಈ ಬರಹದ ಉದ್ದೇಶ. ಇದರ ಮುಖ್ಯ ಮಾತು ಒಂದೇ: ಬಾಯಿಮಾತಿನ ದೂರು ಶಾಲೆಯ ಗೇಟಿನಲ್ಲೇ ನಿಲ್ಲುತ್ತದೆ; ಅಂಕಿಅಂಶದೊಂದಿಗೆ ಬರೆದು, ಸಭೆಯಲ್ಲಿ ನಿರ್ಣಯವಾಗಿ, ಸರಿಯಾದ ಕಚೇರಿಗೆ ಸರಿಯಾದ ಕಾಲದಲ್ಲಿ ತಲುಪಿದ ಬೇಡಿಕೆಗೆ ಮಾತ್ರ ಯಾರಾದರೊಬ್ಬ ಅಧಿಕಾರಿ ಉತ್ತರ ಕೊಡಬೇಕಾಗುತ್ತದೆ.

ಮೊದಲು ಶಾಲೆಯನ್ನು ಕಾನೂನಿನ ಅಳತೆಯಲ್ಲಿ ನೋಡಿ

ಶಾಲೆ ಸರಿಯಿಲ್ಲ ಎಂಬ ಭಾವನೆಯಿಂದ ಕೆಲಸ ಆರಂಭವಾಗಬಹುದು, ಆದರೆ ಆ ಭಾವನೆಯನ್ನೇ ಮನವಿ ಪತ್ರದಲ್ಲಿ ಬರೆದರೆ ಪ್ರಯೋಜನವಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಒಂದು ಶಾಲೆಯಲ್ಲಿ ಕನಿಷ್ಠ ಏನೇನು ಇರಬೇಕೆಂದು ಅದು ಪಟ್ಟಿ ಮಾಡುತ್ತದೆ: ಮಳೆ ಬಿಸಿಲಿಗೆ ತಡೆಯುವ ಕಟ್ಟಡ, ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೊಠಡಿ, ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಎಲ್ಲ ಮಕ್ಕಳಿಗೂ ಸಾಕಾಗುವಷ್ಟು ಸುರಕ್ಷಿತ ಕುಡಿಯುವ ನೀರು, ಅಂಗವಿಕಲ ಮಕ್ಕಳಿಗೆ ಅಡೆತಡೆಯಿಲ್ಲದ ಪ್ರವೇಶ, ಬಿಸಿಯೂಟದ ಅಡುಗೆಮನೆ, ಆಟದ ಮೈದಾನ, ಕಾಂಪೌಂಡ್ ಅಥವಾ ಬೇಲಿ, ಕಥೆಪುಸ್ತಕಗಳೂ ಪತ್ರಿಕೆಗಳೂ ಇರುವ ಗ್ರಂಥಾಲಯ. ವರ್ಷಕ್ಕೆ ಒಂದರಿಂದ ಐದನೇ ತರಗತಿಗೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ನಡೆಯಬೇಕೆಂಬುದೂ ಅಲ್ಲೇ ಇದೆ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮುಖ್ಯ ಶಿಕ್ಷಕರಿಗೆ ಮುಂಚಿತವಾಗಿ ತಿಳಿಸಿ, ಮೂರು ನಾಲ್ಕು ಪೋಷಕರು ಒಟ್ಟಾಗಿ ಶಾಲೆಯನ್ನು ಒಂದು ಸುತ್ತು ನೋಡಬೇಕು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಬರೆದರೆ ಸಾಲದು, ಬಳಕೆಯಲ್ಲಿದೆಯೇ ಎಂಬುದನ್ನೂ ಬರೆಯಬೇಕು. ಸರ್ಕಾರದ ಲೆಕ್ಕದಲ್ಲಿ ಶೌಚಾಲಯ 'ಇದೆ' ಎಂದಿರುತ್ತದೆ. ಆದರೆ ಅದಕ್ಕೆ ನೀರಿನ ಸಂಪರ್ಕವಿದೆಯೇ, ಒಳಗಿನಿಂದ ಚಿಲಕ ಬೀಳುತ್ತದೆಯೇ, ದೊಡ್ಡ ಹೆಣ್ಣುಮಕ್ಕಳು ಅದನ್ನು ಬಳಸುತ್ತಾರೆಯೇ ಅಥವಾ ಮನೆಗೆ ಹೋಗುವವರೆಗೂ ತಡೆದುಕೊಳ್ಳುತ್ತಾರೆಯೇ ಎಂಬುದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಈ ಕೊನೆಯ ಪ್ರಶ್ನೆಗೆ ಉತ್ತರ ಬೇಕಾದರೆ ತಾಯಂದಿರೇ ಹೆಣ್ಣುಮಕ್ಕಳೊಂದಿಗೆ ಬೇರೆಯಾಗಿ ಕುಳಿತು ಕೇಳಬೇಕು. ಎಲ್ಲ ಶಾಲೆಗಳಿಗೂ ಆರು ತಿಂಗಳೊಳಗೆ ಶೌಚಾಲಯ ಮತ್ತು ಕುಡಿಯುವ ನೀರು ಒದಗಿಸಬೇಕೆಂದು ಸುಪ್ರೀಂ ಕೋರ್ಟ್ 2012ರ ಅಕ್ಟೋಬರ್‌ನಲ್ಲೇ ನಿರ್ದೇಶನ ಕೊಟ್ಟಿದೆ, ಆದ್ದರಿಂದ ಇವೆರಡರ ಬಗ್ಗೆ ಬರೆಯುವಾಗ ಯಾರೂ ಸಂಕೋಚಪಡಬೇಕಾಗಿಲ್ಲ.

ಪ್ರತಿ ಶಾಲೆಗೂ ಹನ್ನೊಂದು ಅಂಕಿಗಳ ಯು-ಡೈಸ್ ಸಂಖ್ಯೆ, ಅಂದರೆ ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಲ್ಲಿ ಆ ಶಾಲೆಯ ಗುರುತಿನ ಸಂಖ್ಯೆ, ಇರುತ್ತದೆ. ಅದನ್ನು ಬಳಸಿ ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ನಿಮ್ಮ ಶಾಲೆಯ ವರದಿ ಪತ್ರವನ್ನು ಯಾರು ಬೇಕಾದರೂ ನೋಡಬಹುದು. ಕೊಠಡಿಗಳೆಷ್ಟು, ಶಿಕ್ಷಕರೆಷ್ಟು, ಮಕ್ಕಳೆಷ್ಟು ಎಂದು ಸರ್ಕಾರ ನಂಬಿರುವ ಚಿತ್ರ ಅದು. ನೀವು ಕಣ್ಣಾರೆ ಕಂಡದ್ದಕ್ಕೂ ಅದಕ್ಕೂ ವ್ಯತ್ಯಾಸವಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ. ಅನುದಾನವೂ ಹುದ್ದೆಗಳೂ ಹಂಚಿಕೆಯಾಗುವುದು ಕಾಗದದ ಮೇಲಿನ ಶಾಲೆಗೆ. ಕಾಗದ ತಪ್ಪಾಗಿದ್ದರೆ ನಿಜವಾದ ಶಾಲೆಗೆ ಏನೂ ಬರುವುದಿಲ್ಲ.

ಮಗು ಏನು ಕಲಿತಿದೆ ಎಂಬ ಪ್ರಶ್ನೆ

ಕಟ್ಟಡ, ಕಾಂಪೌಂಡ್, ಬಣ್ಣ ಇವುಗಳ ಬಗ್ಗೆ ಮಾತನಾಡುವುದು ಸುಲಭ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ಕಲಿಕೆಯ ಬಗ್ಗೆ ಮಾತನಾಡಲು ಪೋಷಕರು ಹಿಂಜರಿಯುತ್ತಾರೆ. 'ನಾವು ಓದಿದವರಲ್ಲ, ಮೇಷ್ಟ್ರಿಗೆ ಗೊತ್ತಿರುತ್ತದೆ' ಎಂದುಕೊಳ್ಳುತ್ತಾರೆ. ಈ ಹಿಂಜರಿಕೆಯಿಂದ ಮಕ್ಕಳಿಗೆ ಆಗುವ ನಷ್ಟ ಸೋರುವ ಮಾಡಿನಿಂದ ಆಗುವುದಕ್ಕಿಂತ ಹೆಚ್ಚೆಂದು ನನಗೆ ದೃಢವಾಗಿ ಅನ್ನಿಸುತ್ತದೆ. ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿ ಇವನ್ನು ಪೋಷಕರಿಗೆ ನಿಯಮಿತ ಸಭೆಗಳಲ್ಲಿ ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಕೇಳುವುದಕ್ಕೆ ಪದವಿ ಬೇಕಾಗಿಲ್ಲ.

ಮನೆಯಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆ ಹೀಗಿದೆ. ನಾಲ್ಕನೇ ಅಥವಾ ಐದನೇ ತರಗತಿಯ ಮಗುವಿನ ಕೈಗೆ ಎರಡನೇ ತರಗತಿಯ ಕನ್ನಡ ಪುಸ್ತಕದ ಒಂದು ಚಿಕ್ಕ ಪಾಠವನ್ನು, ಆ ಮಗು ಬಾಯಿಪಾಠ ಮಾಡಿರದ ಪಾಠವನ್ನು, ಕೊಟ್ಟು ಗಟ್ಟಿಯಾಗಿ ಓದಲು ಹೇಳಬೇಕು. ಆಮೇಲೆ ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಲು ಕೇಳಬೇಕು. ದಶಕ ತೆಗೆದುಕೊಂಡು ಮಾಡುವ ಎರಡು ಅಂಕಿಗಳ ಒಂದು ಕಳೆಯುವ ಲೆಕ್ಕವನ್ನೂ ಒಂದು ಸಣ್ಣ ಭಾಗಾಕಾರವನ್ನೂ ಕೊಡಬೇಕು. ಅಕ್ಷರ ಬಾರದ ತಾಯಿಗೂ ಮಗು ತಡವರಿಸುತ್ತಿದೆಯೇ, ಸರಾಗವಾಗಿ ಓದುತ್ತಿದೆಯೇ ಎಂಬುದು ಕಿವಿಗೆ ತಿಳಿಯುತ್ತದೆ. ಇದು ಮಗುವನ್ನು ಗದರಿಸಲು ಮಾಡುವ ಪರೀಕ್ಷೆಯಲ್ಲ, ಫಲಿತಾಂಶವನ್ನು ನೆರೆಹೊರೆಯವರ ಮುಂದೆ ಹೇಳುವಂಥದ್ದೂ ಅಲ್ಲ. ಅದನ್ನು ಬರೆದಿಟ್ಟುಕೊಂಡು, ಶಿಕ್ಷಕರೊಂದಿಗೆ ಒಬ್ಬರೇ ಕುಳಿತಾಗ, 'ನನ್ನ ಮಗಳು ಒತ್ತಕ್ಷರ ಬಂದಾಗ ನಿಂತುಬಿಡುತ್ತಾಳೆ, ಶಾಲೆಯಲ್ಲಿ ಇದಕ್ಕೆ ಏನು ಮಾಡುತ್ತೀರಿ, ಮನೆಯಲ್ಲಿ ನಾನೇನು ಮಾಡಲಿ' ಎಂದು ಕೇಳಬೇಕು. ಹೀಗೆ ಕೇಳಿದಾಗ ಶಿಕ್ಷಕರಿಗೂ ಉತ್ತರ ಕೊಡುವುದು ಸುಲಭವಾಗುತ್ತದೆ. 'ನಮ್ಮ ಹುಡುಗಿಗೆ ಏನೂ ಬರುವುದಿಲ್ಲ' ಎಂದರೆ ಅವರೂ ಅಷ್ಟೇ ಸಾಮಾನ್ಯವಾದ ಮಾತಿನಲ್ಲಿ ಸಮಾಧಾನ ಹೇಳಿ ಕಳುಹಿಸುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದರಿಂದ ಮೂರನೇ ತರಗತಿಯವರೆಗೆ ನಮ್ಮ ಶಾಲೆಗಳಲ್ಲಿ ನಡೆಯುವ ನಲಿ ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕುಳಿತು ಕಾರ್ಡುಗಳೊಂದಿಗೆ ಕೆಲಸ ಮಾಡುತ್ತಾರೆ, ಬೇರೆ ಬೇರೆ ತರಗತಿಯವರು ಒಂದೇ ಕೊಠಡಿಯಲ್ಲಿರುತ್ತಾರೆ, ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನದೇ ಮೆಟ್ಟಿಲಿನಲ್ಲಿರುತ್ತದೆ. ಹೊರಗಿನಿಂದ ನೋಡಿದವರಿಗೆ ಇದು ಆಟದಂತೆಯೂ ಗದ್ದಲದಂತೆಯೂ ಕಾಣಬಹುದು. 'ಪಾಠವೇ ನಡೆಯುತ್ತಿಲ್ಲ' ಎಂದು ದೂರು ಬರೆಯುವ ಮೊದಲು ಒಂದು ದಿನ ತರಗತಿಯಲ್ಲಿ ಕುಳಿತು, ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ನಿಮ್ಮ ಮಗು ಯಾವ ಮೆಟ್ಟಿಲಿನಲ್ಲಿದೆ, ಅಲ್ಲಿ ಎಷ್ಟು ದಿನದಿಂದ ನಿಂತಿದೆ ಎಂದು ಕೇಳಿ. ಒಂದೇ ಮೆಟ್ಟಿಲಿನಲ್ಲಿ ವಾರಗಟ್ಟಲೆ ನಿಂತಿದ್ದರೆ ಪ್ರಶ್ನಿಸುವುದು ನ್ಯಾಯ. ಶಿಕ್ಷಣ ಇಲಾಖೆ ನಡೆಸುವ 'ಸಮುದಾಯದತ್ತ ಶಾಲೆ' ಕಾರ್ಯಕ್ರಮದ ದಿನವೂ ಮಕ್ಕಳ ಉತ್ತರ ಪತ್ರಿಕೆ, ಕೃತಿಸಂಪುಟಗಳನ್ನು ನೋಡುವ ಅವಕಾಶ ಸಿಗುತ್ತದೆ. ಆ ದಿನ ಭಾಷಣ ಕೇಳಿ ಹಿಂತಿರುಗುವ ಬದಲು ನಿಮ್ಮ ಮಗುವಿನ ಉತ್ತರ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ನೋಡಿ.

ಸಭೆ, ನಡಾವಳಿ, ಲೆಕ್ಕ

ಎಸ್‌ಡಿಎಂಸಿಯ ಅಧ್ಯಕ್ಷರು ಪೋಷಕ ಸದಸ್ಯರಿಂದಲೇ ಆಯ್ಕೆಯಾಗುತ್ತಾರೆ, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿಯಾಗಿರುತ್ತಾರೆ. ಸಮಿತಿಯ ಪುನರ್‌ರಚನೆ ಯಾವಾಗ ನಡೆಯುತ್ತದೆಂದು ಮುಂಚೆಯೇ ವಿಚಾರಿಸಿಕೊಂಡು, ಆ ದಿನ ಪೋಷಕರೆಲ್ಲರೂ ಬರುವಂತೆ ಮನೆಮನೆಗೆ ಹೇಳಬೇಕು. ಊರಿನ ಒಬ್ಬಿಬ್ಬರು ಪ್ರಮುಖರು ಕುಳಿತು ಹೆಸರುಗಳನ್ನು ತೀರ್ಮಾನಿಸಿಬಿಟ್ಟರೆ ಮುಂದಿನ ವರ್ಷಗಳೆಲ್ಲ ಹಾಗೆಯೇ ಹೋಗುತ್ತವೆ. ಮಹಿಳಾ ಸದಸ್ಯರ ಬದಲಿಗೆ ಗಂಡನೋ ಮೈದುನನೋ ಬಂದು ಸಹಿ ಹಾಕುವುದನ್ನು ಮೊದಲ ಸಭೆಯಲ್ಲೇ ನಿಲ್ಲಿಸಬೇಕು. ಅದಕ್ಕಾಗಿ ಸಭೆಯ ಸಮಯವನ್ನೇ ಬದಲಿಸಬೇಕಾಗಬಹುದು. ಕೂಲಿಗೂ ಹೊಲಕ್ಕೂ ಹೋಗುವ ತಾಯಂದಿರಿಗೆ ಬೆಳಗ್ಗೆ ಹನ್ನೊಂದು ಗಂಟೆಯ ಸಭೆ ಎಂದರೆ ಬರಬೇಡಿ ಎಂದೇ ಅರ್ಥ.

ನಡಾವಳಿ ಪುಸ್ತಕವೇ ಪೋಷಕರ ನಿಜವಾದ ಆಯುಧ. ಸಭೆಯಲ್ಲಿ ಎಷ್ಟು ಚೆನ್ನಾಗಿ ಮಾತನಾಡಿದರೂ ಅದು ನಡಾವಳಿಗೆ ಬಾರದಿದ್ದರೆ ಆ ಮಾತು ನಡೆದೇ ಇಲ್ಲವೆಂದು ಲೆಕ್ಕ. ನಿರ್ಣಯದಲ್ಲಿ ಏನು ಆಗಬೇಕು, ಯಾರು ಮಾಡಬೇಕು, ಯಾವ ದಿನಾಂಕದೊಳಗೆ ಎಂಬ ಮೂರೂ ಇರಬೇಕು. 'ಕುಡಿಯುವ ನೀರಿನ ಸಮಸ್ಯೆ ಬಗ್ಗೆ ಚರ್ಚಿಸಲಾಯಿತು' ಎಂಬ ವಾಕ್ಯದಿಂದ ಯಾರೂ ಏನೂ ಮಾಡಬೇಕಾಗಿ ಬರುವುದಿಲ್ಲ. 'ನೀರಿನ ಟ್ಯಾಂಕ್ ಒಡೆದಿರುವುದರಿಂದ ಹೊಸ ಟ್ಯಾಂಕ್ ಒದಗಿಸುವಂತೆ ಗ್ರಾಮ ಪಂಚಾಯತಿಗೆ ಇದೇ ತಿಂಗಳ 20ರೊಳಗೆ ಪತ್ರ ಬರೆಯಲು ಸದಸ್ಯ ಕಾರ್ಯದರ್ಶಿಯವರಿಗೆ ಸೂಚಿಸಲು ತೀರ್ಮಾನಿಸಲಾಯಿತು' ಎಂದು ಬರೆಸಬೇಕು. ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿದ ನಂತರವೇ ಸಹಿ ಹಾಕಬೇಕು, ಖಾಲಿ ಪುಟಕ್ಕೆ ಎಂದೂ ಸಹಿ ಹಾಕಬಾರದು. ಮುಂದಿನ ಸಭೆಯ ಮೊದಲ ವಿಷಯ ಹಿಂದಿನ ನಿರ್ಣಯಗಳ ಪಾಲನೆಯೇ ಆಗಿರಬೇಕು. ಪುಟದ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದೂ ಒಳ್ಳೆಯದು.

ಲೆಕ್ಕದ ವಿಷಯವನ್ನು ಅನುಮಾನದ ದನಿಯಲ್ಲಿ ಎತ್ತಬೇಕಾಗಿಲ್ಲ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಗಳಿಗೆ ಮಕ್ಕಳ ದಾಖಲಾತಿಯ ಆಧಾರದಲ್ಲಿ ವಾರ್ಷಿಕ ಸಂಯುಕ್ತ ಶಾಲಾ ಅನುದಾನ ನಿಗದಿಯಾಗಿದೆ. 31ರಿಂದ 100 ಮಕ್ಕಳಿರುವ ಶಾಲೆಗೆ 25,000 ರೂಪಾಯಿ, 101ರಿಂದ 250 ಮಕ್ಕಳಿರುವ ಶಾಲೆಗೆ 50,000 ರೂಪಾಯಿ ಎಂಬುದು ಯೋಜನೆಯ ಮಾನದಂಡ. ಅದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಬಳಕೆಯಾಗಬೇಕು. ಹಣ ಬಂದಿದೆಯೇ, ಎಷ್ಟು ಬಂದಿದೆ, ಯಾವುದಕ್ಕೆ ಖರ್ಚಾಯಿತು ಎಂದು ಪಾಸ್ ಪುಸ್ತಕ, ನಗದು ಪುಸ್ತಕ, ವೋಚರುಗಳನ್ನು ನೋಡಿ ತಿಳಿಯುವುದು ಸಮಿತಿಯ ಕರ್ತವ್ಯ. ಲೆಕ್ಕವನ್ನು ವರ್ಷಕ್ಕೊಮ್ಮೆ ಪೋಷಕರ ಸಭೆಯಲ್ಲಿ ಓದಿಬಿಟ್ಟರೆ ಪ್ರಾಮಾಣಿಕವಾಗಿ ಕೆಲಸ ಮಾಡುವ ಮುಖ್ಯ ಶಿಕ್ಷಕರಿಗೂ ಅದು ರಕ್ಷಣೆಯಾಗುತ್ತದೆ. ಎಷ್ಟೋ ಸಲ ಅನುದಾನ ತಡವಾಗಿ ಬಂದು, ವಿದ್ಯುತ್ ಬಿಲ್ಲನ್ನು ಶಿಕ್ಷಕರೇ ತಮ್ಮ ಕೈಯಿಂದ ಕಟ್ಟಿರುವ ಸಂಗತಿಯೂ ಆಗ ಪೋಷಕರಿಗೆ ತಿಳಿಯುತ್ತದೆ.

ಯೋಜನೆಯೂ ಮನವಿ ಪತ್ರವೂ

ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಸಮಿತಿಯು ಶಾಲಾ ಅಭಿವೃದ್ಧಿ ಯೋಜನೆ ತಯಾರಿಸಬೇಕು ಮತ್ತು ಸರ್ಕಾರದ ಅನುದಾನಗಳಿಗೆ ಆ ಯೋಜನೆಯೇ ಆಧಾರವಾಗಬೇಕು. ಕೇಂದ್ರದ ಮಾದರಿ ನಿಯಮಗಳು ಇದನ್ನು ಮೂರು ವರ್ಷಗಳ ಯೋಜನೆಯಾಗಿ ಬರೆಯಲು ಹೇಳುತ್ತವೆ. ವರ್ಷವಾರು ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಹೆಚ್ಚುವರಿಯಾಗಿ ಬೇಕು, ಏನೇನು ಸೌಕರ್ಯ ಬೇಕು, ಹಣವೆಷ್ಟು ಬೇಕು ಎಂಬುದು ಅದರಲ್ಲಿರಬೇಕು, ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ ಸಿದ್ಧವಾಗಿರಬೇಕು. ಹಾಗಾದರೆ ದಸರಾ ರಜೆ ಮುಗಿದ ಕೂಡಲೇ ಕೆಲಸ ಶುರುವಾಗಬೇಕು. ಜೂನ್‌ನಲ್ಲಿ ಮಾಡು ಸೋರಿದಾಗ ನೆನಪಾಗುವ ಕೊಠಡಿ ದುರಸ್ತಿಗೆ ಆಗ ಹಣ ಸಿಗುವುದು ಕಷ್ಟ, ಏಕೆಂದರೆ ಆ ವರ್ಷದ ಕ್ರಿಯಾಯೋಜನೆ ಆಗಲೇ ಸಿದ್ಧವಾಗಿಬಿಟ್ಟಿರುತ್ತದೆ. ಹಿಂದಿನ ವರ್ಷದ ಯೋಜನೆಯ ದಿನಾಂಕ ಬದಲಿಸಿ ಕಳುಹಿಸುವ ಅಭ್ಯಾಸ ನಿಮ್ಮ ಶಾಲೆಯಲ್ಲಿದ್ದರೆ ಅದನ್ನು ಮುರಿಯುವುದೇ ಪೋಷಕರ ಮೊದಲ ಸಾಧನೆ.

ಯಾವ ಬೇಡಿಕೆ ಯಾರ ಮುಂದೆ ಇಡಬೇಕೆಂಬುದು ತಿಳಿಯದೆ ಪೋಷಕರು ಬಹಳ ಕಾಲ ಕಳೆದುಕೊಳ್ಳುತ್ತಾರೆ. ಶಿಕ್ಷಕರ ನೇಮಕ, ನಿಯೋಜನೆ, ಅತಿಥಿ ಶಿಕ್ಷಕರು, ಪಠ್ಯಪುಸ್ತಕ, ಸಮವಸ್ತ್ರ ಇವು ಕ್ಷೇತ್ರ ಶಿಕ್ಷಣಾಧಿಕಾರಿಯವರ, ಅಂದರೆ ಬಿಇಒ ಅವರ ಕಚೇರಿಗೆ ಸೇರಿದವು. ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರಿದ್ದಾರೆ. ನೀರು, ಸ್ವಚ್ಛತೆ, ಶಾಲೆಯ ದಾರಿ, ಬೀದಿದೀಪ, ಕಸ ಇವಕ್ಕೆ ಗ್ರಾಮ ಪಂಚಾಯತಿಯ ಅಭಿವೃದ್ಧಿ ಅಧಿಕಾರಿಯವರನ್ನೂ (ಪಿಡಿಒ) ನಿಮ್ಮ ವಾರ್ಡಿನ ಸದಸ್ಯರನ್ನೂ ಕಾಣಬೇಕು, ನಗರಗಳಲ್ಲಾದರೆ ಪುರಸಭೆ ಅಥವಾ ಪಾಲಿಕೆಯನ್ನು. ಕಾಂಪೌಂಡ್, ಆಟದ ಮೈದಾನ, ಶೌಚಾಲಯಗಳನ್ನು ಪಂಚಾಯತಿಗಳು ಉದ್ಯೋಗ ಖಾತ್ರಿ ಕಾಮಗಾರಿಯಲ್ಲಿ ಕಟ್ಟಿಸಿಕೊಟ್ಟ ಶಾಲೆಗಳು ರಾಜ್ಯದಲ್ಲಿ ಬಹಳಷ್ಟಿವೆ. ಅಂಥ ಬೇಡಿಕೆ ಗ್ರಾಮಸಭೆಯಲ್ಲಿ ದಾಖಲಾಗಿ ಪಂಚಾಯತಿಯ ಕ್ರಿಯಾಯೋಜನೆಗೆ ಸೇರಬೇಕು. ಹೊಸ ಕೊಠಡಿಗೆ ಶಾಸಕರ ಪ್ರದೇಶಾಭಿವೃದ್ಧಿ ನಿಧಿಯೂ, ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯೂ ದಾರಿಗಳಾಗುತ್ತವೆ. ಪಂಚಾಯತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯನ್ನು ಮರೆಯಬಾರದು. ಅಲ್ಲಿ ಮಕ್ಕಳೇ ಎದ್ದು ನಿಂತು ಹೇಳಿದ ಮಾತಿಗೆ ಅಧಿಕಾರಿಗಳು ಅದೇ ಸಭೆಯಲ್ಲಿ ಉತ್ತರ ಕೊಡಬೇಕಾಗುತ್ತದೆ.

ಮನವಿ ಪತ್ರ ಒಂದು ಪುಟ ಮೀರದಿರಲಿ, ಒಂದು ಪತ್ರದಲ್ಲಿ ಒಂದೇ ವಿಷಯವಿರಲಿ. ಹತ್ತು ಬೇಡಿಕೆಗಳ ಪತ್ರ ಹತ್ತು ಮೇಜುಗಳಿಗೆ ಹೋಗಬೇಕಾಗಿ ಬಂದು ಎಲ್ಲಿಯೂ ನಿಲ್ಲುವುದಿಲ್ಲ. ಶಾಲೆಯ ಹೆಸರು, ಯು-ಡೈಸ್ ಸಂಖ್ಯೆ, ಮಕ್ಕಳ ಸಂಖ್ಯೆ, ಈಗಿನ ಸ್ಥಿತಿ, ಕಾಯ್ದೆ ಏನು ಹೇಳುತ್ತದೆ, ನಿಮಗೆ ಬೇಕಾದುದೇನು, ಎಸ್‌ಡಿಎಂಸಿ ನಿರ್ಣಯದ ದಿನಾಂಕ ಇಷ್ಟನ್ನು ಬರೆದು, ನಡಾವಳಿಯ ಪ್ರತಿಯನ್ನೂ ಫೋಟೊಗಳನ್ನೂ ಲಗತ್ತಿಸಿ, ಪೋಷಕರ ಸಹಿಗಳೊಂದಿಗೆ ಕೊಡಬೇಕು. ಎರಡು ಪ್ರತಿ ಒಯ್ದು ಒಂದನ್ನು ಟಪ್ಪಾಲು ಶಾಖೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಂಡು ಬರಬೇಕು. ಅಧಿಕಾರಿಯವರ ಕೈಗೇ ಕೊಟ್ಟೆವು, ಫೋಟೊ ಕೂಡ ಆಯಿತು ಎಂದು ಮುದ್ರೆಯಿಲ್ಲದೆ ಮರಳಿದರೆ ಆ ಪತ್ರ ಎಂದಾದರೂ ಕೊಟ್ಟಿದ್ದಿರೆಂದು ಸಾಬೀತು ಮಾಡುವುದು ಕಷ್ಟ.

ಶಿಕ್ಷಕರಿಲ್ಲ ಎಂಬ ಸಮಸ್ಯೆಯನ್ನು ಬಿಡಿಸಿ ನೋಡುವುದು

ಪೋಷಕರ ಮನವಿಗಳಲ್ಲಿ ಅತಿ ಹೆಚ್ಚು ಬರುವುದು ಶಿಕ್ಷಕರ ಕೊರತೆ, ಉತ್ತರ ಸಿಗದೆ ಹೋಗುವುದೂ ಅದೇ. ಕಾರಣವೇನೆಂದರೆ 'ನಮಗೆ ಶಿಕ್ಷಕರನ್ನು ಕೊಡಿ' ಎಂಬ ಒಂದೇ ವಾಕ್ಯದ ಹಿಂದೆ ನಾಲ್ಕು ಬೇರೆ ಬೇರೆ ಸ್ಥಿತಿಗಳಿರುತ್ತವೆ, ಒಂದೊಂದಕ್ಕೂ ಪರಿಹಾರ ಬೇರೆ.

ಮೊದಲು ಲೆಕ್ಕ ಹಾಕಿ. ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು, 121ರಿಂದ 200ರವರೆಗೆ ಐವರು ಶಿಕ್ಷಕರಿರಬೇಕು, ಮಕ್ಕಳು 150 ಮೀರಿದರೆ ಇವರ ಜೊತೆಗೆ ಮುಖ್ಯ ಶಿಕ್ಷಕರೂ ಇರಬೇಕು. ಆರರಿಂದ ಎಂಟನೇ ತರಗತಿಗೆ ತರಗತಿಗೊಬ್ಬರಂತೆ, ವಿಜ್ಞಾನ ಮತ್ತು ಗಣಿತ, ಸಮಾಜ, ಭಾಷೆ ಈ ಮೂರಕ್ಕೂ ತಲಾ ಒಬ್ಬರಾದರೂ ಇರುವಂತೆ, 35 ಮಕ್ಕಳಿಗೆ ಒಬ್ಬರಂತೆ ಬೇಕು. ಕಿರಿಯ ಪ್ರಾಥಮಿಕ ಶಾಲೆಯಲ್ಲಿ 70 ಮಕ್ಕಳಿದ್ದು ಇಬ್ಬರೇ ಶಿಕ್ಷಕರಿದ್ದರೆ 'ಇನ್ನೊಬ್ಬರು ಬೇಕು' ಎನ್ನುವುದು ಕೋರಿಕೆಯಾಗಿ ಉಳಿಯುವುದಿಲ್ಲ, ಕಾನೂನಿನ ಪಾಲನೆಯ ಪ್ರಶ್ನೆಯಾಗುತ್ತದೆ.

ನಂತರ ಮಂಜೂರಾದ ಹುದ್ದೆಗಳೆಷ್ಟು ಎಂದು ಮುಖ್ಯ ಶಿಕ್ಷಕರನ್ನೋ, ಅಕ್ಕಪಕ್ಕದ ಶಾಲೆಗಳ ಗುಂಪಿಗೆ (ಕ್ಲಸ್ಟರ್) ಸಂಪನ್ಮೂಲ ವ್ಯಕ್ತಿಯಾಗಿರುವ ಸಿಆರ್‌ಪಿಯವರನ್ನೋ ಕೇಳಿ ತಿಳಿಯಬೇಕು. ಹುದ್ದೆ ಮಂಜೂರಾಗಿ ಖಾಲಿ ಉಳಿದಿದ್ದರೆ, ಮಂಜೂರಾದ ಹುದ್ದೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರಬಾರದೆಂಬ 26ನೇ ಸೆಕ್ಷನ್ ಉಲ್ಲೇಖಿಸಿ, ಕಾಯಂ ನೇಮಕ ಅಥವಾ ವರ್ಗಾವಣೆ ಆಗುವವರೆಗೆ ಅತಿಥಿ ಶಿಕ್ಷಕರನ್ನು ಕೊಡುವಂತೆ ಬಿಇಒ ಅವರಿಗೆ ಬರೆಯಬೇಕು. ಹುದ್ದೆ ಭರ್ತಿಯಾಗಿದ್ದೂ ಶಿಕ್ಷಕರು ನಿಯೋಜನೆಯ ಮೇಲೆ ಬೇರೆಡೆ ಕೆಲಸ ಮಾಡುತ್ತಿದ್ದರೆ ಹೊಸ ಶಿಕ್ಷಕರನ್ನು ಕೇಳುವುದರಲ್ಲಿ ಅರ್ಥವಿಲ್ಲ. ನಿಯೋಜನೆ ರದ್ದುಮಾಡಿ ಮೂಲ ಶಾಲೆಗೆ ಕಳುಹಿಸಿ ಎಂದು ಕೇಳಬೇಕು. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳನ್ನು ಬಿಟ್ಟು ಬೇರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದೆಂದು 27ನೇ ಸೆಕ್ಷನ್ ಹೇಳುತ್ತದೆ. ಶಿಕ್ಷಕರು ದೀರ್ಘ ರಜೆಯಲ್ಲಿದ್ದರೆ ಬದಲಿ ವ್ಯವಸ್ಥೆ ಕೇಳಬೇಕು. ಹೆರಿಗೆ ರಜೆಯಲ್ಲಿರುವ ಶಿಕ್ಷಕಿಯ ಬಗ್ಗೆ ದೂರಿನ ಧಾಟಿಯಲ್ಲಿ ಬರೆಯುವುದು ತಪ್ಪು.

ನಾಲ್ಕನೆಯ ಸ್ಥಿತಿ ಕಣ್ಣಿಗೆ ಬೀಳುವುದಿಲ್ಲ. ದಾಖಲಾತಿ ಕಡಿಮೆಯೆಂದು ಇಲಾಖೆಯ ಲೆಕ್ಕದಲ್ಲಿ ತೋರಿದಾಗ ಇರುವ ಶಿಕ್ಷಕರೇ 'ಹೆಚ್ಚುವರಿ' ಎಂದು ಗುರುತಾಗಿ ಬೇರೆ ಶಾಲೆಗೆ ಹೋಗುತ್ತಾರೆ. ಆದ್ದರಿಂದ ಪ್ರತಿ ವರ್ಷ ದಾಖಲಾತಿಯ ಸಮಯದಲ್ಲಿ ಊರಿನ ಎಲ್ಲ ಮಕ್ಕಳೂ ಶಾಲೆಗೆ ಸೇರಿದ್ದಾರೆಯೇ, ಅವರೆಲ್ಲರ ಹೆಸರೂ ಇಲಾಖೆ ಮಕ್ಕಳ ವಿವರ ದಾಖಲಿಸುವ ಸ್ಯಾಟ್ಸ್ ತಂತ್ರಾಂಶದಲ್ಲಿ ಸರಿಯಾಗಿ ಏರಿದೆಯೇ ಎಂದು ಸಮಿತಿ ನೋಡಬೇಕು. ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಜನನ ಪ್ರಮಾಣಪತ್ರವೋ ವರ್ಗಾವಣೆ ಪತ್ರವೋ ಇಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಆ ಮಕ್ಕಳನ್ನು ಕರೆತಂದು ಸೇರಿಸಿದರೆ ಅವರ ಹಕ್ಕೂ ಉಳಿಯುತ್ತದೆ, ಶಾಲೆಯ ಹುದ್ದೆಯೂ ಉಳಿಯುತ್ತದೆ.

ಬಿಸಿಯೂಟ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ತಾಯಂದಿರು ಇದನ್ನು ಬೇರೆಲ್ಲರಿಗಿಂತ ಚೆನ್ನಾಗಿ ಅಳೆಯಬಲ್ಲರು. 2015ರ ನಿಯಮಗಳಂತೆ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೊಟೀನ್, ಹಿರಿಯ ಪ್ರಾಥಮಿಕದ ಮಗುವಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಪ್ರೊಟೀನ್ ಇರುವ ಊಟ ಸಿಗಬೇಕು, ಬಡಿಸುವ ಮೊದಲು ಒಬ್ಬ ಶಿಕ್ಷಕರಾದರೂ ರುಚಿ ನೋಡಿರಬೇಕು. ಇಬ್ಬರು ತಾಯಂದಿರು ಸರದಿಯಂತೆ ಊಟದ ಹೊತ್ತಿಗೆ ಹೋಗಿ ಬೇಳೆ ತರಕಾರಿಗಳ ಪ್ರಮಾಣ, ದಾಸ್ತಾನಿನ ಸ್ಥಿತಿ, ಪಾತ್ರೆಗಳ ಶುಚಿತ್ವ ನೋಡಿ, ಮಕ್ಕಳೊಂದಿಗೇ ಕುಳಿತು ಉಂಡು ಬಂದರೆ ಸಾಕು. ಮಕ್ಕಳನ್ನು ಜಾತಿಯ ಕಾರಣಕ್ಕೆ ಬೇರೆ ಕೂರಿಸುವುದು, ಅಡುಗೆಯವರ ಜಾತಿ ನೋಡಿ ಊಟ ಬಿಡಿಸುವುದು ಕಂಡುಬಂದರೆ ಮಾತ್ರ ಅದನ್ನು ಸಣ್ಣ ವಿಷಯವೆಂದು ಬಿಡಬಾರದು, ಆ ದಿನವೇ ಸಮಿತಿಯ ಸಭೆ ಕರೆಯಬೇಕು.

ಉತ್ತರ ಬಾರದಿದ್ದಾಗ

ಮನವಿ ಕೊಟ್ಟು ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ಹಿಂದಿನ ಪತ್ರದ ದಿನಾಂಕ ನಮೂದಿಸಿ ನೆನಪೋಲೆ ಕೊಡಬೇಕು. ಅದಕ್ಕೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ, ನಮ್ಮ ಇಂಥ ದಿನಾಂಕದ ಮನವಿಯ ಮೇಲೆ ತೆಗೆದುಕೊಂಡ ಕ್ರಮದ ದಾಖಲೆಗಳ ಪ್ರತಿ ಕೊಡಿ ಎಂದು ಅರ್ಜಿ ಹಾಕಬೇಕು. ಕರ್ನಾಟಕದಲ್ಲಿ ಅರ್ಜಿ ಶುಲ್ಕ ಹತ್ತು ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದಗಳನ್ನು ಮೀರಬಾರದು ಎಂಬುದು ನಮ್ಮ ರಾಜ್ಯದ ನಿಯಮ. ಮೂವತ್ತು ದಿನಗಳಲ್ಲಿ ಮಾಹಿತಿ ಬಾರದಿದ್ದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಅನೇಕ ಬಾರಿ ಅರ್ಜಿ ತಲುಪಿದ ವಾರದಲ್ಲೇ ಹಳೆಯ ಮನವಿಯ ಕಡತ ಚಲಿಸತೊಡಗುತ್ತದೆ.

ಇದರ ಮುಂದಿನ ಹೆಜ್ಜೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್. ಮಗುವಿನ ಹಕ್ಕಿಗೆ ಸಂಬಂಧಿಸಿದ ಯಾವುದೇ ಕುಂದುಕೊರತೆಯನ್ನು ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ (ಪಂಚಾಯತಿ, ಪುರಸಭೆಯಂಥ ಸ್ಥಳೀಯ ಸಂಸ್ಥೆಗೆ) ಲಿಖಿತವಾಗಿ ದೂರಬಹುದು. ಪ್ರಾಧಿಕಾರವು ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನ ಕೊಡಬೇಕು, ಅದು ಸಮಾಧಾನಕರವಲ್ಲದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಒಂದೇ ಸಮಸ್ಯೆ ಪಕ್ಕದ ಶಾಲೆಗಳಲ್ಲೂ ಇದ್ದರೆ ಕ್ಲಸ್ಟರಿನ ಎಲ್ಲ ಎಸ್‌ಡಿಎಂಸಿಗಳು ಸೇರಿ ಒಂದೇ ದಿನ ಬಿಇಒ ಅವರನ್ನು ಭೇಟಿಯಾಗುವುದು ಹೆಚ್ಚು ಪರಿಣಾಮಕಾರಿ. ಶಾಲೆಗೆ ಬೀಗ ಹಾಕುವ ಪ್ರತಿಭಟನೆಯನ್ನು ನಾನು ಸಮರ್ಥಿಸುವುದಿಲ್ಲ. ಬೀಗದಿಂದ ಸುದ್ದಿಯಾಗುತ್ತದೆ ನಿಜ, ಆದರೆ ಕಳೆದುಹೋಗುವುದು ನಮ್ಮದೇ ಮಕ್ಕಳ ಪಾಠದ ದಿನ.

ಮಕ್ಕಳಿಗೆ ಹೊಡೆಯುವುದೂ ಮನಸ್ಸು ನೋಯುವಂತೆ ಹಿಂಸಿಸುವುದೂ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಅಂಥ ದೂರಿನಲ್ಲಿ ಮಗುವಿನ ಹೆಸರು ಊರಿನ ಚರ್ಚೆಯ ವಸ್ತುವಾಗದಂತೆ ಕಾಪಾಡಬೇಕು. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ಸಮಿತಿಯಲ್ಲಿ ರಾಜಿ ಮಾಡಿಸುವ ಮಾತೇ ಬೇಡ; 2012ರ ಪೋಕ್ಸೋ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ದೇಣಿಗೆಯ ಬಗ್ಗೆ, ಶಿಕ್ಷಕರ ಬಗ್ಗೆ

ಊರಿನವರು ಹಣ ಹಾಕಿ ಶಾಲೆಗೆ ಬಣ್ಣ ಹೊಡೆಸುವುದು, ಹಳೆಯ ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ಪುಸ್ತಕ ಕೊಡುವುದು ಸಂತೋಷದ ವಿಷಯ. ಆದರೆ ಕಾಯ್ದೆಯಂತೆ ಸರ್ಕಾರವೇ ಕೊಡಬೇಕಾದ ಶೌಚಾಲಯ, ನೀರು, ಶಿಕ್ಷಕರ ಸಂಬಳ ಇವನ್ನು ಪೋಷಕರ ವಂತಿಗೆಯಿಂದ ತುಂಬುವುದು ಅಭ್ಯಾಸವಾದರೆ ಕೊರತೆಯೇ ಇಲ್ಲವೆಂದು ಕಡತದಲ್ಲಿ ದಾಖಲಾಗುತ್ತದೆ, ವಂತಿಗೆ ಕೊಡಲಾಗದ ಮನೆಯ ಮಗು ಶಾಲೆಯಲ್ಲಿ ತಲೆತಗ್ಗಿಸುತ್ತದೆ. ಅನಿವಾರ್ಯವಾಗಿ ಊರಿನಿಂದ ಖರ್ಚು ಮಾಡಿದರೂ ಸರ್ಕಾರಕ್ಕೆ ಬರೆದ ಬೇಡಿಕೆಯನ್ನು ಹಿಂತೆಗೆದುಕೊಳ್ಳಬಾರದು. ದೇಣಿಗೆಯನ್ನು ಬಲವಂತವಾಗಿ ಕೇಳಲೂಬಾರದು; ಈ ಶಿಕ್ಷಣ ಉಚಿತವಾಗಿರಬೇಕೆಂಬುದೇ ಕಾಯ್ದೆಯ ಮೊದಲ ಮಾತು.

ಶಿಕ್ಷಕರನ್ನು ಎದುರಾಳಿಗಳೆಂದು ಕಂಡ ಸಮಿತಿಗಳು ಬಹುಕಾಲ ಉಳಿಯುವುದಿಲ್ಲ. ಹಾಜರಾತಿ, ಬಿಸಿಯೂಟ, ತಂತ್ರಾಂಶಗಳ ದಾಖಲೆಯ ನಡುವೆ ಇಬ್ಬರೇ ಐದು ತರಗತಿಗಳನ್ನು ನಡೆಸುವ ಶಿಕ್ಷಕರಿಗೆ ಪೋಷಕರ ಸಂಘಟಿತ ದನಿ ನಿಜವಾದ ಬೆಂಬಲ. ಅವರು ಸರ್ಕಾರಿ ನೌಕರರಾಗಿ ಹೇಳಲಾಗದ ಮಾತನ್ನು ಪೋಷಕರು ಹೇಳಬಲ್ಲರು. ಮನವಿ ಬರೆಯುವ ಮೊದಲು ಮುಖ್ಯ ಶಿಕ್ಷಕರಿಗೆ ತೋರಿಸಿ, ಅಂಕಿಅಂಶ ಸರಿಯಿದೆಯೇ ಎಂದು ಕೇಳಿ. ಒಬ್ಬ ಶಿಕ್ಷಕರ ನಡವಳಿಕೆಯ ಬಗ್ಗೆ ದೂರಿದ್ದರೆ ಅದನ್ನು ಅವರಿಗೇ, ನಂತರ ಮುಖ್ಯ ಶಿಕ್ಷಕರಿಗೆ, ಆಮೇಲೆ ಬಿಇಒ ಅವರಿಗೆ ಎಂಬ ಕ್ರಮದಲ್ಲಿ ಹೇಳಿ; ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಮರುಕ್ಷಣ ಮಾತುಕತೆಯ ದಾರಿ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ಮಾಡಿದ ಪೋಷಕರ ಮಗು ಒಂದು ದಿನ ಏಳನೆಯದೋ ಎಂಟನೆಯದೋ ಮುಗಿಸಿ ಬೇರೆ ಶಾಲೆಗೆ ಹೋಗುತ್ತದೆ, ಅವರ ಸದಸ್ಯತ್ವವೂ ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಮನವಿಗಳ ಮುದ್ರೆ ಬಿದ್ದ ಪ್ರತಿಗಳು, ನೆನಪೋಲೆಗಳು, ಮಾಹಿತಿ ಹಕ್ಕಿನ ಉತ್ತರಗಳು, ಯೋಜನೆಯ ಪ್ರತಿ, ಫೋಟೊಗಳನ್ನೆಲ್ಲ ಮೊದಲ ದಿನದಿಂದಲೇ ಒಂದು ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಸೇರಿಸುತ್ತಾ ಬರಬೇಕು. ಒಂದು ಪ್ರತಿ ಶಾಲೆಯಲ್ಲಿರಲಿ, ಇನ್ನೊಂದು ಸಮಿತಿಯ ಸದಸ್ಯರೊಬ್ಬರ ಮನೆಯಲ್ಲಿರಲಿ. ಹೊಸ ಸಮಿತಿ ಬಂದಾಗ ಹಳೆಯ ಅಧ್ಯಕ್ಷರು ಮೊದಲ ಸಭೆಯಲ್ಲಿ ಕುಳಿತು, ಯಾವ ಬೇಡಿಕೆ ಯಾವ ಕಚೇರಿಯ ಯಾವ ಹಂತದಲ್ಲಿ ನಿಂತಿದೆ ಎಂದು ಒಂದೊಂದಾಗಿ ವಿವರಿಸಿ, ಕಡತ ಹಸ್ತಾಂತರವಾದದ್ದನ್ನು ನಡಾವಳಿಯಲ್ಲಿ ಬರೆಸಿ, ಒಂದನೇ ತರಗತಿಯ ಮಕ್ಕಳ ಪೋಷಕರಲ್ಲಿ ಇಬ್ಬರಿಗಾದರೂ ಆ ಕಡತವನ್ನು ಓದಲು ಕೊಡಬೇಕು.